ಮುಟ್ಟಿದ ಕೂಡಲೇ ಕೊಲೆಗಾರ ಗೊತ್ತಾದರೆ ಪತ್ತೇದಾರಿಗೆ ಕೆಲಸ ಏನು?

ಅರ್ಧಕಥೆ:
ಹದಿಹರೆಯದವರಿಗೆ ಅಂತ ಒಂದು ಪತ್ತೇದಾರಿ ಸರಣಿ ಬರೀತಿದೀನಿ. ನಾಯಕಿಗೆ ಹದಿನೈದು ವರ್ಷ. ಯಾವ ವಸ್ತು ಮುಟ್ಟಿದರೂ ಹಿಂದೆ ಅದನ್ನು ಹಿಡಿದಿದ್ದವರು ಅವಳ ಕಣ್ಣಿಗೆ ಕಾಣ್ತಾರೆ. ಮೂರು ಅಧ್ಯಾಯ ಸರಾಗವಾಗಿ ಹೋಯ್ತು. ನಾಲ್ಕನೆಯದರಲ್ಲಿ ಚಾಕು ಸಿಕ್ತು, ಮುಟ್ಟಿದಳು, ಕಥೆ ಮುಗೀತು! ಸದ್ಯಕ್ಕೆ ಕೈಗವಸು ಹಾಕಿಸಿ ಕೂರಿಸಿದೀನಿ. ನನಗೇ ನಗು ಬರುತ್ತೆ. ಏನಾದ್ರೂ ದಾರಿ ಇದೆಯಾ?

ಹಳೇಕನ್ನಡಕ:
ಇಂಗ್ಲಿಷ್ ಪತ್ತೇದಾರಿ ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲೇ ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆ ಹಾಕಿಟ್ಟ. ಅತಿಮಾನುಷ ಶಕ್ತಿಗೆ ಜಾಗವಿಲ್ಲ ಅನ್ನೋದು ಎರಡನೆಯದು. ಚಾಕು ಇರಲಿ, ಶಕ್ತಿ ಕಿತ್ತುಹಾಕಿ.

ರಾತ್ರಿದೀಪ:
ಕಿತ್ತುಹಾಕಬೇಡಿ. ಜೊನಾಥನ್ ಸ್ಟ್ರೌಡ್ ಬರೆದ 'ಲಾಕ್‌ವುಡ್ ಅಂಡ್ ಕೋ' ಓದಿ. 2013ರಿಂದ 2017ರವರೆಗೆ ಐದು ಸಂಪುಟ ಬಂದವು. ಮಗಳು ಓದಲಿ ಅಂತ ತಂದಿದ್ದೆ, ಅವಳಿಗಿಂತ ಮೊದಲು ನಾನೇ ಮುಗಿಸಿದೆ.

ಅಲ್ಲಿನ ಲಂಡನ್‌ನಲ್ಲಿ ದೆವ್ವದ ಕಾಟ. ದೊಡ್ಡವರಿಗೆ ದೆವ್ವ ಸರಿಯಾಗಿ ಕಾಣಿಸೋದಿಲ್ಲ, ಹಾಗಾಗಿ ಕತ್ತಿ, ಕಬ್ಬಿಣದ ಸರಪಳಿ, ಉಪ್ಪು ಹಿಡಿದು ಮಕ್ಕಳೇ ಹೋಗಬೇಕು. ಕಥೆ ಹೇಳುವ ಲೂಸಿಗೂ ನಿಮ್ಮ ಹುಡುಗಿಯಂಥದೇ ಶಕ್ತಿ. ಆದರೆ ವಸ್ತು ಮುಟ್ಟಿದರೆ ಅವಳಿಗೆ ಸಿಗೋದು ಸತ್ತವರ ಸಂತೋಷ, ಸಿಟ್ಟು, ಭಯ, ಹೆಚ್ಚೆಂದರೆ ಒಂದು ದನಿ. ಹೆಸರು, ವಿಳಾಸ ಸಿಗೋದಿಲ್ಲ. ಮೊದಲ ಸಂಪುಟದಲ್ಲಿ ಗೋಡೆಯೊಳಗೆ ಒಬ್ಬ ಯುವತಿಯ ಅವಶೇಷ ಸಿಗುತ್ತೆ, ಜೊತೆಗೊಂದು ಲಾಕೆಟ್. ಅವಳು ಯಾರು ಅಂತ ಪತ್ತೆಯಾಗೋದು ಲೂಸಿಯ ಜೊತೆಗಾರ ಜಾರ್ಜ್ ಹಳೇ ಪತ್ರಿಕೆಗಳನ್ನು ಜಾಲಾಡಿದ ಮೇಲೆ. ಮಂತ್ರದ ಕೆಲಸ ಅರ್ಧ, ಕಡತದ ಕೆಲಸ ಅರ್ಧ. (ಜಾರ್ಜ್ ನನ್ನ ಮೆಚ್ಚಿನವನು, ಅವರ ತಂಡದ ನಾಯಕ ಲಾಕ್‌ವುಡ್‌ನ ಅಭಿಮಾನಿಗಳು ಬೈಯಬೇಡಿ.)

ಇನ್ನೊಂದು, ಜಾಡಿಯೊಳಗಿನ ತಲೆಬುರುಡೆ. ಅದು ಮಾತಾಡೋದು ಲೂಸಿಗೆ ಮಾತ್ರ ಕೇಳುತ್ತೆ. ಅಣಕಿಸುತ್ತೆ, ಅರ್ಧ ಹೇಳಿ ನಿಲ್ಲಿಸುತ್ತೆ, ಅದಕ್ಕೆ ಅದರದೇ ಲೆಕ್ಕಾಚಾರ. ನಿಮ್ಮ ಚಾಕುವೂ ಹಾಗೇ ತಂಟೆಕೋರ ಸಾಕ್ಷಿಯಾಗಲಿ. ಸತ್ತವನಿಗೆ ಕೊನೆಗೆ ಅನಿಸಿದ್ದಷ್ಟೇ ಅವಳಿಗೆ ತಿಳಿಯಲಿ. ಅದೂ ಭಯ ಬೇಡ, ನಾಚಿಕೆ ಇರಲಿ. ಸಾಯುವ ಹೊತ್ತಲ್ಲಿ ನಾಚಿಕೆ ಯಾಕೆ ಅಂತ ಓದುಗನೇ ಪುಟ ತಿರುಗಿಸ್ತಾನೆ. ಮಿತಿಯನ್ನು ಮಾತ್ರ ಮೊದಲ ಅಧ್ಯಾಯದಲ್ಲೇ ಹೇಳಿಬಿಡಿ, ನಾಲ್ಕರಲ್ಲಿ ಹೇಳಿದರೆ ಮೋಸ.

ಹಳೇಕನ್ನಡಕ:
ಜಾಡಿ ಬುರುಡೆ ವಿಷಯ ಒಪ್ಪಿದೆ. ಇದು ಟಿವಿಗೂ ಬಂದಿತ್ತಲ್ವಾ?

ರಾತ್ರಿದೀಪ:
2023ರಲ್ಲಿ, ಎಂಟೇ ಕಂತು. ಮೊದಲೆರಡು ಸಂಪುಟಕ್ಕೇ ನಿಂತುಹೋಯ್ತು. ಆ ಹೊಟ್ಟೆಯುರಿ ಇನ್ನೂ ಆರಿಲ್ಲ.

ಅರ್ಧಕಥೆ:
ನಿನ್ನೆ ರಾತ್ರಿ ನಾಲ್ಕನೇ ಅಧ್ಯಾಯ ಹರಿದು ಹಾಕಿ ಮತ್ತೆ ಬರೆದೆ. ಕೈಗವಸು ಹೋಯ್ತು. ಚಾಕು ಮುಟ್ಟಿದವಳು ಈಗ ಕೆನ್ನೆ ಕೆಂಪಾಗಿ ಕೂತಿದಾಳೆ, ಯಾಕೆ ಅಂತ ಅವಳಿಗೂ ಗೊತ್ತಿಲ್ಲ. ನಿಜ ಹೇಳಬೇಕಂದ್ರೆ ನನಗೂ ಇನ್ನೂ ಗೊತ್ತಿಲ್ಲ, ಕೊಲೆಗಾರನನ್ನೇ ಬದಲಾಯಿಸಬೇಕಾಗಬಹುದು. ಮೊದಲ ಅಧ್ಯಾಯ ತಿದ್ದಿ ಬರ್ತೀನಿ.