ಇಂಡೆಕ್ಸ್ಡ್‌ಡಿಬಿ: ಸಿಂಕ್ ಮಾಡುವಾಗ ಎರಡು ಎರರ್

ಬಯಲುಕೋಡ್:
ನೆಟ್‌ವರ್ಕ್ ಇಲ್ಲದ ಕಡೆ ಫಾರಂ ತುಂಬಿ, ಸಿಗ್ನಲ್ ಸಿಕ್ಕಾಗ ಸರ್ವರ್‌ಗೆ ಕಳಿಸುವ ವೆಬ್ ಆ್ಯಪ್. ಫಾರಂ ಒಂದಕ್ಕೆ ಎರಡು ಫೋಟೋ, ಬೇಸ್64 ಸ್ಟ್ರಿಂಗ್ (ಅಕ್ಷರಗಳಾಗಿ ಬದಲಾಯಿಸಿದ ರೂಪ) ಆಗಿ. ಲೋಕಲ್‌ಸ್ಟೋರೇಜ್ 5 ಎಂಬಿಗೇ ತುಂಬಿದ್ದರಿಂದ ಬ್ರೌಸರ್ ಒಳಗಿನ ಡೇಟಾಬೇಸ್ ಆದ ಇಂಡೆಕ್ಸ್ಡ್‌ಡಿಬಿಗೆ ಬದಲಾಯಿಸಿದೆ, ಲೈಬ್ರರಿ ಇಲ್ಲ. ಕರ್ಸರ್‌ನಲ್ಲಿ ಒಂದೊಂದೇ ದಾಖಲೆ ತೆಗೆದು ಫೆಚ್ ಮಾಡಿ (ಸರ್ವರ್‌ಗೆ ಕಳಿಸಿ), ಆಮೇಲೆ ಕಳಿಸಿದ್ದಾಯಿತು ಎನ್ನುವ 'ಸೆಂಟ್' ಗುರುತನ್ನು ಟ್ರೂ ಮಾಡಹೋದರೆ ಟ್ರಾನ್ಸಾಕ್ಷನ್‌ಇನ್‌ಆಕ್ಟಿವ್‌ಎರರ್. 'ಸೆಂಟ್' ಇಂಡೆಕ್ಸ್‌ನಲ್ಲಿ ಫಾಲ್ಸ್ ಹುಡುಕಿದರೆ ಡೇಟಾಎರರ್. ಎರಡಕ್ಕೂ ಕಾರಣ ಒಂದೇನಾ?

ಮರುಪ್ರತಿ:
ಅಲ್ಲ, ಬೇರೆ ಬೇರೆ. ಮೊದಲನೆಯದು: ಬಾಕಿ ರಿಕ್ವೆಸ್ಟ್ ಇಲ್ಲ ಅಂತಾದ ಕೂಡಲೇ ಟ್ರಾನ್ಸಾಕ್ಷನ್ (ಡಿಬಿಯಲ್ಲಿ ಒಟ್ಟಿಗೆ ನಡೆಯುವ ಕೆಲಸಗಳ ಗುಂಪು) ತಾನಾಗಿ ಕಮಿಟ್ ಆಗಿ ಮುಗಿಯುತ್ತದೆ. ಫೆಚ್‌ಗೋಸ್ಕರ ಅದು ಕಾಯುವುದಿಲ್ಲ. ಹಾಗಾಗಿ ಮೂರು ಹಂತ ಮಾಡಿ: ರೀಡ್‌ಓನ್ಲಿ ಟ್ರಾನ್ಸಾಕ್ಷನ್‌ನಲ್ಲಿ ಬಾಕಿ ಇರುವವುಗಳ ಕೀ (ದಾಖಲೆ ಹುಡುಕಲು ಬಳಸುವ ಮೌಲ್ಯ) ಮಾತ್ರ ತೆಗೆಯಿರಿ, ಒಂದೊಂದನ್ನೇ ಓದಿ ಫೆಚ್ ಮಾಡಿ, ಯಶಸ್ವಿಯಾದರೆ ಹೊಸ ರೀಡ್‌ರೈಟ್ ಟ್ರಾನ್ಸಾಕ್ಷನ್ ತೆರೆದು ಗುರುತು ಹಾಕಿ. ಆಗ ಕೈಯಲ್ಲಿರುವ ಹಳೇ ಪ್ರತಿಯನ್ನೇ ಪುಟ್ ಮಾಡಬೇಡಿ. ಫೆಚ್ ನಡೆಯುವಾಗ ಬಳಕೆದಾರರು ಫಾರಂ ತಿದ್ದಿದ್ದರೆ ಅದು ಅಳಿಸಿಹೋಗುತ್ತದೆ. ಮತ್ತೆ ಗೆಟ್ ಮಾಡಿ, ತಿದ್ದಿಲ್ಲ ಅಂತ ಖಚಿತವಾದರೆ ಮಾತ್ರ ಗುರುತು.

ಸರ್ವರ್‌ಗೆ ತಲುಪಿ, ಗುರುತು ಹಾಕುವ ಮುಂಚೆ ಟ್ಯಾಬ್ ಮುಚ್ಚಿದರೆ ಅದೇ ಫಾರಂ ಮತ್ತೆ ಹೋಗುತ್ತದೆ. ದಾಖಲೆ ಹುಟ್ಟುವಾಗಲೇ ಯುಯುಐಡಿ (ಬೇರಾವುದಕ್ಕೂ ಇರದ ಗುರುತಿನ ಸಂಖ್ಯೆ) ಕೊಟ್ಟು, ಸರ್ವರ್‌ನಲ್ಲಿ ಅದನ್ನು ಯುನೀಕ್ ಮಾಡಿ.

ಬೇಸ್64 ಬಿಡಿ, ಸುಮ್ಮನೆ ಮೂರನೇ ಒಂದು ಪಾಲು ಜಾಸ್ತಿ ಜಾಗ. ಬ್ಲಾಬ್ (ಫೋಟೋದ ಬೈನರಿ ಡೇಟಾ) ನೇರವಾಗಿ ಇಡಬಹುದು. ಫೋಟೋಗೆ ಬೇರೆ ಸ್ಟೋರ್ ಇರಲಿ, ಇಲ್ಲದಿದ್ದರೆ ಪಟ್ಟಿ ತೋರಿಸುವಾಗಲೂ ಅವೆಲ್ಲ ಜೊತೆಗೇ ಬರುತ್ತವೆ.

ಕೀಲಿಮಣೆ:
ಎರಡನೆಯ ಎರರ್: ಬೂಲಿಯನ್ (ಟ್ರೂ-ಫಾಲ್ಸ್ ಮೌಲ್ಯ) ಇಲ್ಲಿ ಕೀ ಆಗುವುದಿಲ್ಲ. ಸಂಖ್ಯೆ, ಸ್ಟ್ರಿಂಗ್, ಡೇಟ್, ಬೈನರಿ, ಇವುಗಳ ಅರೇ ಮಾತ್ರ ಆಗುತ್ತವೆ. ಟ್ರೂ-ಫಾಲ್ಸ್ ಇರುವ ದಾಖಲೆ ಸ್ಟೋರ್‌ಗೆ ಸೇರುತ್ತದೆ, ಇಂಡೆಕ್ಸ್‌ಗೆ ಮಾತ್ರ ಸದ್ದಿಲ್ಲದೆ ಸೇರುವುದಿಲ್ಲ. 0/1 ಇಟ್ಟರೆ ಸಾಕು. ಇನ್ನೂ ಒಳ್ಳೆಯದು, 'ಪೆಂಡಿಂಗ್: 1' ಅನ್ನು ಕಳಿಸದ ದಾಖಲೆಗೆ ಮಾತ್ರ ಹಾಕಿ, ಕಳಿಸಿದ ಮೇಲೆ ಆ ಪ್ರಾಪರ್ಟಿಯನ್ನೇ ತೆಗೆಯಿರಿ. ಇಂಡೆಕ್ಸ್‌ನಲ್ಲಿ ಬಾಕಿ ಇರುವವು ಮಾತ್ರ ಉಳಿಯುತ್ತವೆ.

ಇದಕ್ಕೆ ಡಿಬಿ ವರ್ಷನ್ ಏರಿಸಿ, ಆಗ ಬರುವ ಅಪ್‌ಗ್ರೇಡ್‌ನೀಡೆಡ್‌ನಲ್ಲಿ ಹೊಸ ಇಂಡೆಕ್ಸ್ ಮಾಡಬೇಕು. ಇನ್ನೊಂದು ಟ್ಯಾಬ್ ಹಳೇ ವರ್ಷನ್ ಹಿಡಿದಿದ್ದರೆ ಅಪ್‌ಗ್ರೇಡ್ ಅಲ್ಲೇ ನಿಲ್ಲುತ್ತದೆ. ವರ್ಷನ್‌ಚೇಂಜ್ ಈವೆಂಟ್ ಬಂದಾಗ ಡಿಬಿ ಕ್ಲೋಸ್ ಮಾಡುವ ಸಾಲು ಈಗಲೇ ಸೇರಿಸಿ.

ಬಯಲುಕೋಡ್:
ಪೆಂಡಿಂಗ್ ಉಪಾಯ ಚೆನ್ನಾಗಿದೆ, ಅದನ್ನೇ ಹಾಕ್ತೀನಿ. ಐಫೋನ್‌ನಲ್ಲಿ ಬೇರೇನಾದರೂ ಗಮನಿಸಬೇಕಾ?

ಮರುಪ್ರತಿ:
ಹೌದು. ಸಫಾರಿ ಬಳಸಿದ 7 ದಿನಗಳಲ್ಲಿ ನಿಮ್ಮ ಸೈಟನ್ನು ಒಮ್ಮೆಯೂ ಮುಟ್ಟದಿದ್ದರೆ ಸ್ಕ್ರಿಪ್ಟ್ ಬರೆದಿಟ್ಟ ಡೇಟಾ ಅಳಿಸಿಹೋಗುತ್ತದೆ. ಹೋಮ್ ಸ್ಕ್ರೀನ್‌ಗೆ ಸೇರಿಸಿಕೊಂಡರೆ ಈ ತೊಂದರೆ ಇಲ್ಲ. ಆದರೆ ಅದರ ಸ್ಟೋರೇಜ್ ಸಫಾರಿಯದಕ್ಕಿಂತ ಬೇರೆ, ಆದ್ದರಿಂದ ಮೊದಲು ಸೇರಿಸಿ, ಆಮೇಲೆ ಫಾರಂ ತುಂಬಲು ಹೇಳಿ.