ಪಟ್ಟಿ ಇಲ್ಲದೆ ಕರಾವಳಿ ಸುತ್ತೋದು ಸರಿಹೋಗುತ್ತಾ?

ಘಟ್ಟದವಳು:
ನಮ್ಮದು ಶಿರಸಿ. ಎರಡು ದಿನ ರಜೆ ಹಾಕಿ ಕೆಳಗೆ ಇಳಿಯಬೇಕು ಅಂತಿದ್ದೇನೆ. ತಮ್ಮ ಆಗಲೇ ಪಟ್ಟಿ ಕಳಿಸಿದ್ದಾನೆ: ಯಾಣ, ಮಿರ್ಜಾನ್ ಕೋಟೆ, ಗೋಕರ್ಣ, ಮರುದಿನ ಕಾರವಾರದ ಟ್ಯಾಗೋರ್ ಬೀಚ್, ಸದಾಶಿವಗಡ. ಊಟಕ್ಕೆ ಮುಕ್ಕಾಲು ಗಂಟೆಯಂತೆ! ನನಗೋ ಸುಮ್ನೆ ಬಸ್ ಹತ್ತೋಣ ಅನಿಸುತ್ತಿದೆ. "ಹಾಗೆ ಹೋದ್ರೆ ಏನೂ ನೋಡದೆ ವಾಪಸ್ ಬರ್ತೀಯ ಅಕ್ಕಾ" ಅನ್ನುತ್ತಾನೆ. ಹಾಗೆ ಸುತ್ತಿದವರು ಇದ್ದೀರಾ?

ಕುಮಟಾದವ:
ನಾನು ಸುತ್ತೋದೇ ಹಾಗೆ. ಆದರೆ ಬರೀ ತಿರುಗಿದರೆ ಬೇಗ ಬೇಜಾರು ಬರುತ್ತದೆ. ಯಾವುದಾದರೂ ಒಂದು "ಯಾಕೆ" ಬೆನ್ನು ಹತ್ತಬೇಕು.

ಒಮ್ಮೆ ಗೋಕರ್ಣದ ಹತ್ತಿರದ ತದಡಿ ಬಂದರಿನಲ್ಲಿ ಚಹಾ ಕುಡಿಯುತ್ತಿದ್ದೆ. ನೀರು ಇಳಿದಿತ್ತು. ಹೆಂಗಸರು ನದಿಯೊಳಗೆ ಬಗ್ಗಿ ನಿಂತು ಏನೋ ಹುಡುಕುತ್ತಿದ್ದರು. ಕೇಳಿದರೆ ಬಳಚು, ಅಂದರೆ ಎರಡು ಚಿಪ್ಪಿನ ಮೃದ್ವಂಗಿ. ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಕೆಸರಿಂದ ಆರಿಸುತ್ತಾರೆ. ಮಾಂಸ ಸಾರಿಗೆ, ಚಿಪ್ಪು ಸುಣ್ಣಕ್ಕೆ. ಆಚೆ ದಡದಲ್ಲಿ ಏನಿದೆ ಅಂತ ದೋಣಿ ಹತ್ತಿದೆ. ಅಲ್ಲಿ ಸಿಕ್ಕ ಅಜ್ಜ ಗಜನಿ ಸುದ್ದಿ ತೆಗೆದರು. ಗಜನಿ ಅಂದರೆ ಉಪ್ಪುನೀರು ನುಗ್ಗುವ ಗದ್ದೆ. ಬೇರೆ ಭತ್ತ ಅಲ್ಲಿ ಸತ್ತೇ ಹೋಗುತ್ತದೆ, ಕಗ್ಗ ಭತ್ತ ತಡೆಯುತ್ತದೆ. ಗೊಬ್ಬರವೂ ಬೇಡ. ತೆನೆಯಷ್ಟೇ ಕೊಯ್ದು ಹುಲ್ಲು ಅಲ್ಲೇ ಬಿಡುತ್ತಾರೆ, ಅದು ಸೀಗಡಿ, ಮೀನಿಗೆ ಆಗುತ್ತದೆ. ಹಾಗಾದರೆ ಉಪ್ಪು ಮಾಡೋದು ಎಲ್ಲಿ ಅಂದೆ. ಮರುದಿನ ಸಾಣಿಕಟ್ಟಾ ಆಗರದಲ್ಲಿದ್ದೆ.

ಇದಕ್ಕೆಲ್ಲ ಯಾರೂ "ಪ್ರೇಕ್ಷಣೀಯ ಸ್ಥಳ" ಅಂತ ಬೋರ್ಡ್ ಹಾಕಿಲ್ಲ. ಮಿರ್ಜಾನ್ ಅಲ್ಲೇ ಹತ್ತಿರ, ಆ ಸಲ ಹೋಗಲಿಲ್ಲ. ಕೋಟೆ ಓಡಿಹೋಗೋದಿಲ್ಲವಲ್ಲ.

ಎರಡು ಮಕ್ಕಳ ತಾಯಿ:
ಒಬ್ಬ ಗಂಡಸು ಹೊರಟರೆ ಇದೆಲ್ಲ ಚಂದ. ಕತ್ತಲಾದ ಮೇಲೆ ಗೊತ್ತಿಲ್ಲದ ಊರಲ್ಲಿ ನಿಂತ ಹೆಂಗಸಿಗೆ ಕುತೂಹಲಕ್ಕಿಂತ ಬಸ್ ಮುಖ್ಯ. ಉಳಿಯುವ ರೂಮ್ ಮೊದಲೇ ಗೊತ್ತು ಮಾಡಿಕೊಳ್ಳಿ. ಕೊನೆ ಬಸ್ ಯಾವಾಗ ಅಂತ ಇಳಿಯುವಾಗಲೇ ಕಂಡಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಿ. ನಡುವಿನ ಹೊತ್ತಲ್ಲಿ ಏನು ಬೇಕಾದರೂ ಮಾಡಿ. ಮತ್ತೆ, ಕಾಲ ನೋಡಿ. ನಿಮ್ಮೂರಿನ ಸಹಸ್ರಲಿಂಗವೇ ಮಳೆಗಾಲದಲ್ಲಿ ಶಾಲ್ಮಲಾ ನದಿ ತುಂಬಿದರೆ ಕಾಣೋದಿಲ್ಲ, ಅಲ್ವಾ? ಉಪ್ಪಿನ ಆಗರವೂ ಅಷ್ಟೇ, ಬಿಸಿಲಿದ್ದರೆ ಮಾತ್ರ.

ಕುಮಟಾದವ:
ಒಪ್ಪಿದೆ ಅಕ್ಕಾ. ಕೊನೆ ಬಸ್ ವಿಷಯದಲ್ಲಿ ನಾನೂ ಪಕ್ಕಾ.

ಘಟ್ಟದವಳು:
ರೂಮ್ ಮಾತ್ರ ಬುಕ್ ಮಾಡ್ತೇನೆ, ಹಾಗಾದರೆ. ಬಳಚು ಆರಿಸೋದು ನೋಡಬೇಕು ಅನಿಸಿದೆ. ಎಷ್ಟು ಗಂಟೆಗೆ ಹೋಗಲಿ? (ಪಟ್ಟಿ ಮಾಡ್ತಿಲ್ಲ, ಸುಮ್ನೆ ಕೇಳಿದೆ!)

ಕುಮಟಾದವ:
ಇಂಥದ್ದೇ ಗಂಟೆ ಅಂತ ಇಲ್ಲ. ಇಳಿತ ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ನೀರು ಜಾಸ್ತಿ ಇಳಿಯುತ್ತದೆ. ಹಿಂದಿನ ಸಂಜೆ ತದಡಿಯಲ್ಲಿ ಮೀನು ಮಾರುವವರನ್ನು ಕೇಳಿ, ಸರಿಯಾಗಿ ಹೇಳುತ್ತಾರೆ. ತಮ್ಮನನ್ನೂ ಕರೆದುಕೊಂಡು ಬನ್ನಿ.