ಅನುಮಾನ ಬಂದವರನ್ನೆಲ್ಲ ಒಳಗೆ ಹಾಕಿದರೆ ಆಯಿತಾ?

ಚಿಕ್ಕಪ್ಪ: *ಫಾರ್ವರ್ಡ್* ಭಯೋತ್ಪಾದನೆಗೆ ಬಡತನ, ಓದಿಲ್ಲದ್ದೇ ಕಾರಣ. ಇವರಿಗೆಲ್ಲ ಕೋರ್ಟು, ಜಾಮೀನು ಯಾಕೆ? ಅನುಮಾನ ಬಂದವರನ್ನೆಲ್ಲ ಮೊದಲು ಒಳಗೆ ಹಾಕಿ. ಎಲ್ಲರಿಗೂ ಕಳುಹಿಸಿ.

ನಾನು: ಚಿಕ್ಕಪ್ಪ, ಇದನ್ನು ಓದಿ ಸುಮ್ನೆ ಇರುವುದಕ್ಕೆ ಆಗಲಿಲ್ಲ. 2007ರಲ್ಲಿ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಗ್ಯಾಸ್ ಸಿಲಿಂಡರ್ ತುಂಬಿದ ಜೀಪು ನುಗ್ಗಿಸಿದ ಕಫೀಲ್ ಅಹ್ಮದ್ ನಮ್ಮ ಬೆಂಗಳೂರಿನವನೇ, ಎಂಜಿನಿಯರಿಂಗ್ ಓದಿದವನು. ಜೊತೆಗಿದ್ದವನು ಡಾಕ್ಟರ್. ಹೊಟ್ಟೆಗಿಲ್ಲದೆ ಹೋದವರಲ್ಲ, ಅಲ್ವಾ? ನಮ್ಮ ಕುದುರೆಮುಖದ ಕಡೆಯ ಕಥೆಯೇ ಬೇರೆ. ಕಾಡಿನಿಂದ ಎಬ್ಬಿಸುತ್ತಾರೆ ಅನ್ನುವ ಭಯ ಅಲ್ಲಿ ನಕ್ಸಲರಿಗೆ ದಾರಿ ಮಾಡಿತು. 2025ರ ಜನವರಿಯಲ್ಲಿ ಆರು ಜನ ಇಲ್ಲೇ ಬೆಂಗಳೂರಿಗೆ ಬಂದು ಶರಣಾದರು. ಅಲ್ಲಿ ಮಾತುಕತೆ ನಡೆಯಿತು, ಕಫೀಲನಂಥವನ ಹತ್ತಿರ ನಡೆಯುತ್ತಿರಲಿಲ್ಲ.

ಇನ್ನು ಅನುಮಾನದ ವಿಷಯ. ಅದೇ ಗ್ಲಾಸ್ಗೋ ಕೇಸಿನಲ್ಲಿ ಬೆಂಗಳೂರಿನ ಡಾ. ಮೊಹಮ್ಮದ್ ಹನೀಫ್ ಅವರನ್ನು ಆಸ್ಟ್ರೇಲಿಯಾದಲ್ಲಿ ಹಿಡಿದರು. ಬ್ರಿಟನ್ ಬಿಡುವಾಗ ತನ್ನ ಸಿಮ್ ಕಾರ್ಡನ್ನು ನೆಂಟನಿಗೆ ಕೊಟ್ಟು ಬಂದಿದ್ದರು, ಅಷ್ಟೇ. ಆ ಸಿಮ್ ಸುಟ್ಟ ಜೀಪಿನಲ್ಲಿ ಸಿಕ್ಕಿತು ಅಂತ ಸರ್ಕಾರಿ ವಕೀಲರು ಕೋರ್ಟಿಗೇ ಹೇಳಿದರು, ಆಮೇಲೆ ನೋಡಿದರೆ ಅದು ಇದ್ದದ್ದು ಲಿವರ್‌ಪೂಲ್‌ನಲ್ಲಿ. ಕೇಸೂ ಹಾಕದೆ 12 ದಿನ ಕೂಡಿಟ್ಟಿದ್ದರು. 2010ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಕ್ಷಮೆ ಕೇಳಿ ಪರಿಹಾರ ಕೊಟ್ಟಿತು.

ಅತ್ತೆ: 2013ರಲ್ಲಿ ಮಲ್ಲೇಶ್ವರದಲ್ಲಿ ಬೈಕ್ ಬಾಂಬು ಸಿಡಿದಾಗ ನಾನು ಅಕ್ಕಿ ಆರಿಸುತ್ತಾ ಕೂತಿದ್ದೆ. ಕಿಟಕಿ ಗಾಜು ಬಂದು ಮೊರದೊಳಗೆ ಬಿತ್ತು. ಎಷ್ಟು ಆರಿಸಿದರೂ ಚೂರು ಸಿಗುತ್ತಲೇ ಇತ್ತು, ಕೊನೆಗೆ ಅಷ್ಟೂ ಅಕ್ಕಿ ಚೆಲ್ಲಿದೆ. ಹಿಡಿಯುವುದೇ ಬೇಡ ಅನ್ನುತ್ತೀಯಾ ನೀನು?

ನಾನು: ಹಿಡಿಯಲೇಬೇಕು ಅತ್ತೆ, ಮಾಡಿದವನನ್ನೇ ಹಿಡಿಯಬೇಕು. ಯಾರನ್ನೋ ಒಳಗೆ ಹಾಕಿಕೊಂಡು ಕೂತರೆ ಬಾಂಬು ಇಟ್ಟವನು ಹೊರಗೇ ಓಡಾಡಿಕೊಂಡು ಇರುತ್ತಾನೆ. 2024ರ ಮಾರ್ಚ್ 1ಕ್ಕೆ ರಾಮೇಶ್ವರಂ ಕೆಫೆಯಲ್ಲಿ ಒಬ್ಬ ಟೋಪಿ, ಮಾಸ್ಕ್ ಹಾಕಿಕೊಂಡು ಬಂದು ಬಾಂಬಿನ ಬ್ಯಾಗ್ ಇಟ್ಟು ಹೋದನಲ್ಲ, ಆಗ ಪೊಲೀಸರು ಕೆಫೆ, ರಸ್ತೆ, ಬಸ್ಸು ಅಂತ ಒಂದೊಂದೇ ಸಿಸಿಟಿವಿ ನೋಡುತ್ತಾ ಜಾಡು ಹಿಡಿದರು. ಏಪ್ರಿಲ್ 12ಕ್ಕೆ ಎನ್‌ಐಎ ಇಬ್ಬರನ್ನು ಕೋಲ್ಕತ್ತದ ಹತ್ತಿರ ಬಂಧಿಸಿತು. ನಿಧಾನದ ಕೆಲಸ, ಆದರೆ ಇದೇ ಕೆಲಸ.

ಚಿಕ್ಕಪ್ಪ: ಮುಂಬೈಗೆ ದೋಣಿಯಲ್ಲಿ ಬಂದವರಿಗೂ ಸಿಸಿಟಿವಿ ನೋಡುತ್ತಾ ಕೂರಬೇಕಿತ್ತಾ?

ನಾನು: ಇಲ್ಲ ಚಿಕ್ಕಪ್ಪ. ಬಂದೂಕು ಹಿಡಿದು ನಿಂತವನಿಗೆ ಕಮಾಂಡೋಗಳೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಜೀವಂತ ಸಿಕ್ಕ ಕಸಬ್‌ನನ್ನು ಕೋರ್ಟಿಗೇ ನಿಲ್ಲಿಸಿದೆವು. ಸುಪ್ರೀಂ ಕೋರ್ಟ್‌ವರೆಗೂ ಹೋಗಿ 2012ರ ನವೆಂಬರ್‌ನಲ್ಲಿ ಗಲ್ಲಾಯಿತು. ಅವನನ್ನು ಕಳುಹಿಸಿದವರು ಯಾರು ಅನ್ನುವುದು ಸಾಕ್ಷಿ ಸಮೇತ ದಾಖಲಾದದ್ದು ಆ ವಿಚಾರಣೆಯಲ್ಲಿ. ಅದೇ ಕೇಸಿನಲ್ಲಿ ಸಾಕ್ಷಿ ನಂಬುವಂತಿಲ್ಲ ಅಂತ ನಮ್ಮ ದೇಶದ ಇಬ್ಬರನ್ನು ಬಿಟ್ಟರು. ಫಾರ್ವರ್ಡ್ ಹೇಳಿದ ಹಾಗೆ ಮಾಡಿದ್ದರೆ ಆ ಇಬ್ಬರ ಗತಿ ಏನು?

ಚಿಕ್ಕಪ್ಪ: ಇಂಥವರಿಗೆ ಸುಲಭಕ್ಕೆ ಜಾಮೀನು ಕೊಡಬಾರದು ಅನ್ನುವುದನ್ನು ನಾನು ಬಿಡುವುದಿಲ್ಲ. ಆದರೆ ಹನೀಫ್ ವಿಷಯ ಇಷ್ಟೆಲ್ಲ ಗೊತ್ತಿರಲಿಲ್ಲ. ಅಪಾರ್ಟ್‌ಮೆಂಟ್ ಗುಂಪಿಗೂ ಹಾಕಿದ್ದೆ, ಅಲ್ಲಿಂದ ತೆಗೆಯುತ್ತೇನೆ.